ಕಪ್ಪು ರೇಷ್ಮೆಯ ಮೇಲಿನ ಐದು ಮುದ್ರೆ

ಅಕ್ಟೋಬರ್ ಹತ್ತರ ಬೆಳಿಗ್ಗೆ ಕ್ಯೋಟೋದ ಠಾಣೆಗೆ ಹಿಸಾಯೊ ತೊಕುರಾ ಎಂಬಾಕೆ ದೂರು ತಂದಳು. ಮರುದಿನ ಮಧ್ಯಾಹ್ನ ಮಲಮಗಳು ಚಿಗುಸಾಳ ಮದುವೆ. ತಾಯಿಯ ಸ್ಥಾನದಲ್ಲಿ ನಿಂತು ಉಡಬೇಕಾದ ಕಪ್ಪು ರೇಷ್ಮೆಯ ಕಿಮೋನೊ ಹಿಂಬದಿ ಕೋಣೆಯಲ್ಲಿ ಗಾಳಿಗೆ ಹರವಿದ್ದಲ್ಲಿಂದ ಮಾಯವಾಗಿತ್ತು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಇವಾಗಾಕಿ ಸ್ಥಳಕ್ಕೆ ಹೋದ. ಪಕ್ಕದಲ್ಲೇ ಜರಿಯ ನಡುಪಟ್ಟಿ ತೂಗುತ್ತಿತ್ತು. ಕಿಮೋನೊಗಿಂತ ದುಬಾರಿಯದು. ಕಳ್ಳ ಅದನ್ನು ಮುಟ್ಟಿರಲಿಲ್ಲ.

"ಇವನೆಂಥ ಪೆದ್ದ ಕಳ್ಳ ಸಾರ್," ಎಂದ ಪೇದೆ ನೊಸೆ.

"ಪೆದ್ದ ನೀನು. ಆ ಹಿತ್ತಿಲ ಬಾಗಿಲು ತೆಗಿ ನೋಡೋಣ."

ನೊಸೆ ಎಳೆದ, ಗುದ್ದಿದ. ಬಾಗಿಲು ಜಗ್ಗಲಿಲ್ಲ. ಹಿಸಾಯೊ ಬಂದು ಅದನ್ನು ಕೊಂಚ ಎತ್ತಿ ಪಕ್ಕಕ್ಕೆ ಸರಿಸಿದಳು. "ಈ ಮನೇಲಿ ಬಾಳಿದವರಿಗಷ್ಟೇ ಗೊತ್ತು."

"ಕಿಮೋನೊ ಹೇಗಿತ್ತಮ್ಮ?"

"ಕೆಳಗಿನ ಅಂಚಲ್ಲಿ ಜೋಡಿ ಕೊಕ್ಕರೆ, ಪೈನ್ ಮರ. ಬೆನ್ನು, ತೋಳು, ಎದೆ ಮೇಲೆ ಮನೆತನದ ಐದು ಬಿಳಿ ಮುದ್ರೆ. ಹೂಗೊಂಚಲಿನದು."

ಇವಾಗಾಕಿ ಗೋಡೆ ನೋಡಿದ. ಅಲ್ಲಿ ತೂಗುತ್ತಿದ್ದ ಯಜಮಾನನ ನಿಲುವಂಗಿಯ ಮೇಲಿದ್ದದ್ದು ಮೂರೆಲೆಯ ಮುದ್ರೆ.

"ಹೂಗೊಂಚಲು ನಿಮ್ಮ ತಾಯಿದಾ?"

"ಇಲ್ಲ. ಈ ಮನೇದೇ. ಗಂಡಸರದ್ದು ಒಂದು, ಹೆಂಗಸರದ್ದು ಒಂದು ಅಂದಿದ್ರು ನಮ್ಮನೆಯವರು."

"ನಿಮ್ಮ ತವರು?"

"ಟೋಕಿಯೊ."

ಇವಾಗಾಕಿಗೆ ಗಂಟು ಬಿಚ್ಚಿತು. ಟೋಕಿಯೊದಲ್ಲಿ ಹೆಂಡತಿ ಗಂಡನ ಮನೆಯ ಮುದ್ರೆ ಉಡುತ್ತಾಳೆ. ಇಲ್ಲಿ ಹಾಗಲ್ಲ, ಹೆಣ್ಣಿನ ಮುದ್ರೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಅವನ ಹೆಂಡತಿಯೂ ತನ್ನ ತಾಯಿಯದನ್ನೇ ಉಡುತ್ತಾಳೆ. ಅಂದರೆ ಹೂಗೊಂಚಲು ಈ ಮನೆಯದಲ್ಲ, ಇಲ್ಲಿ ಮೊದಲು ಬಾಳಿದವಳದು.

"ಮೊದಲ ಹೆಂಡತಿ ಎಲ್ಲಿದ್ದಾಳೆ?"

ಹಿಸಾಯೊಳ ಮುಖ ಕೆಂಪಾಯಿತು. "ಫುಶಿಮಿಲಿ. ಹೊಲಿಗೆ ಮಾಡ್ತಾಳೆ."

ಮಧ್ಯಾಹ್ನ ಎರಡಕ್ಕೆ ಫುಶಿಮಿ ತಲುಪಿದರು. ವಿಚ್ಛೇದನ ಪಡೆದ ಸೆಟ್ಸು ಕಿಟಕಿಯ ಬೆಳಕಿಗೆ ಕೂತಿದ್ದಳು. ತೊಡೆಯ ಮೇಲೇ ಕಿಮೋನೊ. ಬಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಬನ್ನಿ ಸಾಹೇಬ್ರೆ. ಸಂಜೆ ನಾನೇ ವಾಪಸ್ ಇಡೋಳಿದ್ದೆ."

ಹೂಗೊಂಚಲಿನ ಮೇಲೆ ಮೂರೆಲೆಯ ರೇಷ್ಮೆ ತುಣುಕು ಹೊಲಿಯುತ್ತಿದ್ದಳು. ಬೆನ್ನಿನದು, ತೋಳಿನವು ಮುಗಿದಿದ್ದವು.

"ಕೇಳಿದ್ರೆ ಕೊಡ್ತಿರಲಿಲ್ವಾ?"

"ಕೇಳೋಕೆ ನಾನ್ಯಾಕೆ ಅವಳ ಹೊಸಿಲಲ್ಲಿ ನಿಲ್ಲಲಿ? ಮದುವೆಗೂ ಕರೆದಿಲ್ಲ. ಕೊಕ್ಕರೆ ಅವಳೇ ಉಟ್ಕೊಳ್ಳಲಿ. ಸಾಯೋ ತನಕ ಜೋಡಿ ಬಿಡಲ್ಲ ಅಂತಾರೆ, ನನಗಂತೂ ಸುಳ್ಳು ಹೇಳಿದ್ವು. ಮುದ್ರೆ ಮಾತ್ರ ನಮ್ಮಮ್ಮಂದು. ಅದು ಚಿಗುಸಾಗೆ ಹೋಗ್ಬೇಕು. ಅವಳ ಕಣ್ಣೆದುರೇ ಬೇರೆಯವರ ಎದೆ ಮೇಲೆ ಕೂರಬಾರದು."

"ಕಳ್ಳತನ ಕಳ್ಳತನವೇ ಅಮ್ಮ."

"ಗೊತ್ತು. ಕರ್ಕೊಂಡು ಹೋಗಿ."

"ಎಷ್ಟು ಉಳಿದಿದೆ?"

"ಎರಡು. ಎದೆ ಮೇಲಿನವು."

ಇವಾಗಾಕಿ ನೊಸೆಯ ಕಡೆ ತಿರುಗಿ ಗದರಿದ. "ನಿಂತ್ಕೊಂಡು ಏನ್ ನೋಡ್ತೀಯ? ಪಂಚನಾಮೆ ಬರಿ. ಕೆಳಗಿಂದ ಶುರುಮಾಡು. ಕೊಕ್ಕರೆದು ಒಂದೊಂದು ಗರಿನೂ ಬರಬೇಕು."

"ಗರಿನಾ ಸಾರ್?"

"ಪೈನ್ ಮರದ ಸೂಜಿಯೆಲೆನೂ."

ನೊಸೆ ಮಂಡಿಯೂರಿ ಗರಿ ಎಣಿಸತೊಡಗಿದ. ಮೇಲೆ ಸೂಜಿ ಓಡುತ್ತಿತ್ತು. ಅವನು ಎದೆಯವರೆಗೆ ಬರುವಷ್ಟರಲ್ಲಿ ಸೆಟ್ಸು ಹಲ್ಲಿನಿಂದ ದಾರ ಕಡಿದು, ಎರಡೂ ಕೈ ಮುಂದೆ ಚಾಚಿದಳು.

ಸಂಜೆ ಬಂಧನ ದಾಖಲಾಯಿತು. ರಸೀತಿ ಪಡೆದು ಕಿಮೋನೊವನ್ನು ಹಿಸಾಯೊಗೆ ಒಪ್ಪಿಸಲಾಯಿತು. ಅವಳು ಎದೆಯ ಮೇಲಿನ ಹೊಲಿಗೆಯನ್ನು ಬೆರಳಿನಿಂದ ಸವರಿ, ಕಿಮೋನೊ ಮಡಚಿಕೊಂಡು ಹೊರಟಳು.

ಪಂಚನಾಮೆಯಲ್ಲಿ ಐದೂ ಕಡೆ ಮೂರೆಲೆ ಎಂದಿತ್ತು. ಹೂಗೊಂಚಲಿನ ಮಾತೇ ಇರಲಿಲ್ಲ. ಅದು ಎಲೆಯಡಿಯಲ್ಲಿತ್ತು, ಚಿಗುಸಾ ಎಂದಾದರೂ ಹೊಲಿಗೆ ಬಿಚ್ಚಿದರೆ ಸಿಗುವ ಹಾಗೆ.