ಆರು ಚೀಲ ಐಸು, ಒಂದು ಜೋಡಿ ಮೀನು

ಭಾನುವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ರಾರೊಟೊಂಗಾ ದ್ವೀಪದ ಅವರುವಾ ಠಾಣೆಗೆ ದೂರು ಬಂತು. ತಂದವಳು ಮೊಯೆರೋವಾ, ಆಳದ ಹವಳದ ದಿಬ್ಬಗಳಿಗೆ ಇಳಿಯುವ ಮುಳುಗುಗಾರ್ತಿ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ, ಓಡಿಯೇ ಬಂದಿದ್ದಳು.

"ನನ್ ಮೀನು ಕದ್ಬಿಟ್ಟಿದಾರೆ ಸಾರ್!"

ಇನ್‌ಸ್ಪೆಕ್ಟರ್ ಮಟಾಯೊ ಚರ್ಚಿಗೆ ಹೋಗಲು ಟೈ ಕಟ್ಟಿಕೊಳ್ಳುತ್ತಿದ್ದ. ಸುತ್ತಲೂ ಸಮುದ್ರವಿರುವ ಊರಿನಲ್ಲಿ ಮೀನು ಕಳುವಾಯಿತೆಂದು ದೂರು ಕೊಟ್ಟವರನ್ನು ಅವನು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ.

"ಎಷ್ಟು ಕೆ.ಜಿ. ಹೋಯ್ತಮ್ಮಾ?"

"ಕೆ.ಜಿ. ಅಲ್ಲ ಸಾರ್. ಎರಡೇ ಎರಡು. ಪೆಪ್ಪರ್‌ಮಿಂಟ್ ಜೋಡಿ."

ಮಟಾಯೊ ಟೈ ಬಿಚ್ಚಿ ಮೇಜಿನ ಮೇಲಿಟ್ಟ. ಮೈಯೆಲ್ಲ ಕೆಂಪು, ಅದರ ಮೇಲೆ ಸುಣ್ಣದಲ್ಲಿ ಎಳೆದಂಥ ಬಿಳಿ ಪಟ್ಟೆ. ನೂರು ಮೀಟರ್ ಆಳದಲ್ಲಿ ಬದುಕುವ ಆ ಮೀನನ್ನು ಕಣ್ಣಾರೆ ಕಂಡವರು ದ್ವೀಪದಲ್ಲಿ ಹತ್ತು ಜನ ಇದ್ದರೆ ಹೆಚ್ಚು. ಹಿಡಿಯಲು ಹದಿನೈದು ನಿಮಿಷ ಸಾಕು, ಆದರೆ ಹಿಡಿದವರು ಮೇಲೆ ಬರಲು ಐದು ಗಂಟೆ ಬೇಕು. ಅವಸರ ಮಾಡಿದರೆ ಹೆಣವೇ ಮೇಲೆ ಬರುತ್ತದೆ. ಹೊರದೇಶದ ಶೋಕಿಲಾಲರು ಒಂದೊಂದಕ್ಕೆ ಕಾರಿನ ಬೆಲೆ ಕೊಡುತ್ತಾರೆಂದು ಅವನು ಕೇಳಿದ್ದ.

"ಇವತ್ತು ಸಂಜೆ ಮೊಟ್ಟೆ ಇಡೋದಿತ್ತು ಸಾರ್. ಹೆಣ್ಣಿನ ಹೊಟ್ಟೆ ಉಬ್ಬಿತ್ತು. ನಾಲ್ಕು ವರ್ಷದಿಂದ ಇದಕ್ಕೇ ಕಾದಿದೀನಿ. ತಣ್ಣೀರು ಬೇಕು ಅದಕ್ಕೆ. ನಮ್ಮ ದಡದ ಕೆರೆಯಂಥ ಸಮುದ್ರದ ಬಿಸಿನೀರಲ್ಲಿ ಮಧ್ಯಾಹ್ನದವರೆಗೂ ಉಳಿಯಲ್ಲ."

ದೂರು ದಾಖಲಾಯಿತು. ಎಂಟು ಗಂಟೆಗೆ ಮಟಾಯೊ ಮತ್ತು ಕಾನ್ಸ್‌ಟೇಬಲ್ ಟುವಾಕಾನಾ ದಡದಲ್ಲಿದ್ದ ಮೊಯೆರೋವಾಳ ಮೀನು ಸಾಕಣೆ ಕೋಣೆಯಲ್ಲಿದ್ದರು. ಬಾಗಿಲಲ್ಲಿ ಇಬ್ಬರು ಪಂಚರನ್ನು ನಿಲ್ಲಿಸಿ ಪಂಚನಾಮೆ ಬರೆಯುತ್ತಾ ಹೋದಂತೆ ಮಟಾಯೊನ ಮೈ ಚುರುಕಾಯಿತು. ಬೀಗ ಒಡೆದಿರಲಿಲ್ಲ. ಕೀಲಿ ಹೊರಗಿನ ಕಪ್ಪೆಚಿಪ್ಪಿನ ಕೆಳಗೇ ಇತ್ತು.

"ಇದು ಯಾರ್ ಯಾರಿಗೆ ಗೊತ್ತು?"

"ಅರ್ಧ ಊರಿಗೆ ಗೊತ್ತು ಸಾರ್."

"ಭೇಷ್. ಇನ್ನರ್ಧ ಊರಿಗೂ ಹೇಳ್ಬಿಡಿ, ತನಿಖೆ ಸುಲಭ ಆಗುತ್ತೆ."

ತೊಟ್ಟಿಯ ಪಕ್ಕ ನೀರು ಚೆಲ್ಲಿರಲಿಲ್ಲ. ಮುಚ್ಚಳದ ದೊಡ್ಡ ಡಬ್ಬಿಯೊಂದು, ಬ್ಯಾಟರಿಯ ಗಾಳಿ ಪಂಪು ಕಾಣೆಯಾಗಿದ್ದವು. ಬಲೆಯನ್ನು ತೊಳೆದು ಮೊಳೆಗೆ ನೇತುಹಾಕಲಾಗಿತ್ತು.

"ಬಲೆ ತೊಳೆದಿಟ್ಟು ಹೋಗೋ ಕಳ್ಳ!" ಎಂದು ಟುವಾಕಾನಾ ನಕ್ಕ.

"ಮೀನು ಗೊತ್ತಿರೋನು," ಎಂದ ಮಟಾಯೊ. "ಭಾನುವಾರ ನೀವು ಎಷ್ಟೊತ್ತಿಗೆ ಬರ್ತೀರಮ್ಮಾ ಇಲ್ಲಿಗೆ?"

"ಚರ್ಚು ಮುಗಿಸ್ಕೊಂಡು. ಇವತ್ತು ಮೊಟ್ಟೆ ಆಸೆಗೆ ಬೇಗ ಬಂದೆ."

ಎಂಟು ನಲವತ್ತಕ್ಕೆ ಇಬ್ಬರೂ ಸ್ಕೂಟರ್ ಏರಿ ವಿಮಾನ ನಿಲ್ದಾಣಕ್ಕೆ ಹಾರಿದರು. ಹತ್ತೂವರೆಗೆ ಆಕ್ಲೆಂಡಿನ ವಿಮಾನವಿತ್ತು. ಸಾಲಿನಲ್ಲಿ ದಪ್ಪನೆಯ ಹೆಂಗಸೊಬ್ಬಳು ದೊಡ್ಡ ಐಸ್ ಡಬ್ಬಿಯನ್ನು ಮಗುವಿನಂತೆ ಅಪ್ಪಿಕೊಂಡಿದ್ದಳು. ಟುವಾಕಾನಾ ಅಡ್ಡ ನಿಂತ.

"ತೆಗೀರಿ."

"ತೆಗೆಯಲ್ಲ. ತಣ್ಣಗಿರೋದು ಹಾಳಾಗುತ್ತೆ."

ಟುವಾಕಾನಾ ಸಾಲಿನಲ್ಲಿದ್ದ ಇಬ್ಬರನ್ನು ಪಂಚರೆಂದು ನಿಲ್ಲಿಸಿಕೊಂಡ. ಅವರ ಎದುರಿಗೆ ಮುಚ್ಚಳ ತೆಗೆಸಿದ. ಒಳಗೆ ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನಹಾಲಿನ ಸೊಪ್ಪು, ಹೆಪ್ಪುಗಟ್ಟಿದ ಟ್ಯೂನಾ ಇದ್ದವು.

"ನನ್ ಮಗಳಿಗೆ ಬಸುರಿ ಬಯಕೆ ಕಣಯ್ಯಾ! ಅದನ್ನೂ ಜಪ್ತಿ ಮಾಡ್ತೀಯಾ?"

ಸಾಲಿಗೆ ಸಾಲೇ ನಕ್ಕಿತು. ಟುವಾಕಾನಾ ಕಿವಿ ಕೆಂಪಾಗಿಸಿಕೊಂಡು ಹೊರಬಂದ. ಮಟಾಯೊ ಮಾತ್ರ ಡಬ್ಬಿಯೊಳಗಿನ ಐಸನ್ನೇ ನೋಡುತ್ತಿದ್ದ.

"ತಣ್ಣೀರು ಬೇಕು ಅಂದ್ರೆ ಐಸು ಬೇಕು. ನಡಿ, ಪೆಟ್ರೋಲ್ ಬಂಕಿಗೆ."

ಭಾನುವಾರ ಬಾಗಿಲು ತೆರೆದಿದ್ದ ಬಂಕ್ ಅದೊಂದೇ, ಊರಿಗೆಲ್ಲ ಐಸು ಮಾರುವುದೂ ಅಲ್ಲೇ. ಒಂಬತ್ತೂವರೆಗೆ ಮಾಲೀಕ ನೆನಪು ಮಾಡಿಕೊಂಡು ಹೇಳಿದ.

"ನಿನ್ನೆ ಹೋಟೆಲಿನವರು ಒಯ್ದರು. ಆಮೇಲೆ ದೋಣಿ ನಾತಾಮಾ, ಆರು ಚೀಲ."

"ಆರು ಚೀಲ ಯಾಕಂತೆ?"

"ನಿನ್ನೆ ಸಂಜೇನೇ ತಂಗಿ ಮಗನ ಕೂದಲು ಕತ್ತರಿಸೋ ಶಾಸ್ತ್ರ, ಇನ್ನೂರು ಜನಕ್ಕೆ ಊಟ ಅಂದ."

ನಾತಾಮಾ ಮೊಯೆರೋವಾಳ ದೋಣಿ ನಡೆಸುವವನು. ಅವಳು ಕೆಳಗಿಳಿದಾಗ ಮೇಲೆ ಹಗ್ಗ ಹಿಡಿದು ಕೂರುವವನು. ಫೋನಿನಲ್ಲಿ ಕೇಳಿದಾಗ ಅವಳು ರೇಗಿದಳು. "ನಾತಾಮಾ ಅಣ್ಣನ ಮೇಲೆ ಅನುಮಾನನಾ? ನನ್ ಜೀವ ಅವನ ಕೈಲಿರುತ್ತೆ ಸಾರ್!"

ಮಟಾಯೊಗೆ ಅಷ್ಟರಲ್ಲಿ ಹಸಿವಾಗಿತ್ತು. ಹಸಿದಾಗ ಅವನ ತಲೆ ಚೆನ್ನಾಗಿ ಓಡುತ್ತಿತ್ತು.

"ಟುವಾಕಾನಾ, ನಿನ್ ಮನೆ ಟಿಟಿಕಾವೆಕಾದಲ್ಲಿ, ಅಲ್ವಾ?"

"ನಾತಾಮಾ ಅಣ್ಣನ ಮನೆಯಿಂದ ಮೂರನೇದು ಸಾರ್."

"ಇವತ್ತು ಬೆಳಿಗ್ಗೆ ತಿಂಡಿಗೆ ಏನ್ ತಿಂದೆ?"

"ಬ್ರೆಡ್ಡು ಸಾರ್."

"ನಿನ್ನೆ ಔತಣದ ಊಟದ ಪೊಟ್ಟಣ ಬರಲಿಲ್ವಾ?"

ಟುವಾಕಾನಾ ನಿಂತಲ್ಲೇ ನಿಂತ. ಆ ದ್ವೀಪದಲ್ಲಿ ಔತಣ ನಡೆದು ಪಕ್ಕದ ಮನೆಗೆ ಪೊಟ್ಟಣ ಬರದಿರುವುದುಂಟೇ? ಜಗಳವಾಡಿ ಮಾತು ಬಿಟ್ಟವರಿಗೂ ಕಳಿಸುತ್ತಾರೆ. ಹಂದಿಮಾಂಸ ಬೇಯಿಸಲು ನೆಲದೊಲೆ ಹೂಡಿದರೆ ಹೊಗೆ ಊರಿಗೆಲ್ಲ ಕಾಣುತ್ತದೆ.

"ಹೊಗೆನೂ ಇರ್ಲಿಲ್ಲ ಸಾರ್," ಎಂದ ಮೆಲ್ಲಗೆ.

"ಹಾಗಾದ್ರೆ ಔತಣನೂ ಇರ್ಲಿಲ್ಲ. ಸ್ಕೂಟರ್ ಹತ್ತು!"

ಮೊಯೆರೋವಾಳೂ ದಾರಿಯಲ್ಲಿ ಜೊತೆಗೂಡಿದಳು. ಚರ್ಚುಗಳಿಂದ ಹಾಡು ಏಳುತ್ತಿತ್ತು, ರಸ್ತೆ ಖಾಲಿ ಹೊಡೆಯುತ್ತಿತ್ತು. ಮಟಾಯೊ ಜೀವಮಾನದಲ್ಲಿ ಅಷ್ಟು ಜೋರಾಗಿ ಸ್ಕೂಟರ್ ಓಡಿಸಿರಲಿಲ್ಲ. ಹತ್ತು ಹದಿನೈದಕ್ಕೆ ನಾತಾಮಾನ ಅಂಗಳ ಮುಟ್ಟಿದರು.

ಅಂಗಳದಲ್ಲಿ ಆ ದ್ವೀಪದ ಎಲ್ಲರ ಮನೆಯಂತೆ ಒಂದು ಸಮಾಧಿ, ಅದರ ಮೇಲೆ ತಗಡಿನ ಮಾಡು. ಸಮಾಧಿಯ ಪಕ್ಕದ ನೆರಳಲ್ಲಿ ಗಾಜಿನ ತೊಟ್ಟಿಯಿತ್ತು, ನೀರಿನಲ್ಲಿ ಬಾಯಿ ಕಟ್ಟಿದ ಐಸು ಚೀಲಗಳು ತೇಲುತ್ತಿದ್ದವು. ಅದರೆದುರು ಮಂಚ ಹಾಕಿಸಿಕೊಂಡು ಟುಟಾಯಿ ಅಜ್ಜಿ ಮಲಗಿದ್ದಳು. ಎರಡು ವರ್ಷದಿಂದ ಎದ್ದು ಓಡಾಡಿದವಳಲ್ಲ. ತಲೆಯ ಬಳಿ ಮಗ ನಾತಾಮಾ ಕುಳಿತಿದ್ದ.

ಮೊಯೆರೋವಾ ಓಡಿಹೋಗಿ ತೊಟ್ಟಿಗೆ ಕಣ್ಣಿಟ್ಟಳು. "ಬದುಕಿವೆ! ಎರಡೂ ಬದುಕಿವೆ!" ಎಂದು ಕಿರುಚಿ, ಹಾಗೇ ನೆಲಕ್ಕೆ ಕೂತು ಅತ್ತಳು.

"ಚರ್ಚು ಬಿಡೋದ್ರೊಳಗೆ ವಾಪಸ್ ಇಡೋಣ ಅಂತಿದ್ದೆ," ಎಂದ ನಾತಾಮಾ. "ಹೋಗಿ ನೋಡಿದ್ರೆ ಬಾಗಿಲಲ್ಲಿ ನಿಮ್ ಪಂಚರು ನಿಂತಿದ್ರು."

"ಮಾರೋಕಲ್ವಾ?"

"ಥೂ."

"ಮತ್ಯಾಕೆ?"

ನಾತಾಮಾ ಸಮಾಧಿ ಕಡೆ ನೋಡಿದ. ಹನ್ನೆರಡು ವರ್ಷದ ಹಿಂದೆ ಅವನ ತಮ್ಮ ಹೊರದೇಶದವನೊಬ್ಬನಿಗಾಗಿ ಇದೇ ಮೀನಿಗೆ ಇಳಿದು, ಅವಸರದಲ್ಲಿ ಮೇಲೆ ಬಂದು ದೋಣಿಯಲ್ಲೇ ಸತ್ತಿದ್ದ. ಅವತ್ತೂ ಹಗ್ಗ ಹಿಡಿದಿದ್ದವನು ನಾತಾಮಾನೇ.

"ಅಮ್ಮ ಇಷ್ಟು ವರ್ಷ ಏನೂ ಕೇಳಿರ್ಲಿಲ್ಲ. ಹೋದ ವಾರ ಕೇಳಿದ್ಲು, ಆ ಮೀನು ಹೆಂಗಿರುತ್ತೆ ಅಂತ. ಫೋನಲ್ಲಿ ಫೋಟೋ ತೋರಿಸ್ದೆ. ಅಬ್ಬಾ, ಟ್ಯೂನಾದಷ್ಟು ದೊಡ್ಡದಿರ್ಬೇಕು, ನನ್ ಮಗ ಎಷ್ಟು ಹೋರಾಡಿದ್ನೋ ಅಂದ್ಲು. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ಅಂದ್ಲು."

"ನನ್ನ ಕೇಳಬಾರ್ದಿತ್ತಾ ಅಣ್ಣಾ?" ಎಂದಳು ಮೊಯೆರೋವಾ.

"ಕೇಳ್ದೆನಲ್ಲವ್ವಾ. ಮೀನು ಮನೆ ಮನೆಗೆ ನೆಂಟರ ಥರ ಹೋಗಲ್ಲ ಅಂತ ನೀನೇ ನಕ್ಕೆ."

ಮೊಯೆರೋವಾ ತಲೆ ತಗ್ಗಿಸಿದಳು.

ಅಜ್ಜಿ ಕೈ ಚಾಚಿ ಗಾಜು ಮುಟ್ಟಿದಳು. ಬೆರಳುದ್ದದ ಕೆಂಪು ಮೀನೆರಡೂ ಅಲ್ಲಿಗೇ ಬಂದವು.

"ಇಷ್ಟೇನಾ?" ಎಂದಳು. "ಇಷ್ಟು ಪುಟ್ಟದಾ? ಇದಕ್ಕೆ ನನ್ ಮಗನ್ನ ಕೊಟ್ಟಿದೀನಿ. ಇದೂ ಸಾಯ್ಬಾರ್ದು. ನಿಂತ್ಕೊಂಡು ಏನ್ ನೋಡ್ತೀರೋ, ಬೇಗ ತಗೊಂಡ್ ಹೋಗ್ರೋ!"

ಹತ್ತು ನಲವತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ನಾತಾಮಾನ ದಸ್ತಗಿರಿಯಾಯಿತು. ಅವನು ತಾನೇ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನೀರು ತುಳುಕದಂತೆ ಠಾಣೆಯಿಂದ ತರಿಸಿದ ಜೀಪಿನಲ್ಲಿ ಕೂತ. ಅಮ್ಮನ ಬಳಿ ಇರಲು ಟುವಾಕಾನಾ ತನ್ನ ಹೆಂಡತಿಯನ್ನು ಕರೆಸಿದ.

ಸಂಜೆ ಆರು ಐದಕ್ಕೆ ಠಾಣೆಯ ಫೋನು ಹೊಡೆದುಕೊಂಡಿತು. ಆ ಕಡೆ ಮೊಯೆರೋವಾ ಕೂಗುತ್ತಿದ್ದಳು.

ಮಟಾಯೊ ಲಾಕಪ್ಪಿನ ಮುಂದೆ ಹೋಗಿ ನಿಂತ. "ಮೊಟ್ಟೆ ಇಟ್ಟಿದೆ ಕಣಪ್ಪಾ. ನೂರಾರು."

ನಾತಾಮಾ ಸರಳು ಹಿಡಿದು ಎದ್ದ. ಮುಖವೆಲ್ಲ ನಗುವಾಗಿತ್ತು, ಕಣ್ಣಲ್ಲಿ ನೀರಿತ್ತು. "ಅಮ್ಮಂಗೆ ಹೇಳಿ ಸಾರ್. ಮೊದ್ಲು ಅಮ್ಮಂಗೆ ಹೇಳಿ."

ಮಟಾಯೊ ಮೇಜಿಗೆ ಬಂದು ಕೇಸ್ ಡೈರಿ ತೆರೆದ. ಕೃತ್ಯದ ಉದ್ದೇಶ ಎಂಬಲ್ಲಿ 'ತಾಯಿಗೆ ತೋರಿಸಲು' ಎಂದಷ್ಟೇ ಬರೆದ. ಸ್ಕೂಟರಿನ ಕೀಲಿ ತೆಗೆದುಕೊಂಡು ಟಿಟಿಕಾವೆಕಾಕ್ಕೆ ಹೊರಟ.