ಒಂದು ಮಾರು, ಮೇಲೊಂದು ಬೆರಳು

ನನ್ನನ್ನು ಕಂಡೊಡನೆ ನ್ಯೋಮನ್ ಕಾರ್ಸಾ ಏನನ್ನೋ ಬೆನ್ನ ಹಿಂದೆ ಬಚ್ಚಿಟ್ಟ.

ನನಗೆ ಅಷ್ಟೇ ಸಾಕಾಯಿತು. ಮೊದಲೇ ಅನುಮಾನದ ಪಿಶಾಚಿ ನಾನು. ಅಮ್ಮನ ಮಾತಿನಲ್ಲಿ ಹೇಳುವುದಾದರೆ, ಗಂಜಿಯಲ್ಲೂ ಕಲ್ಲು ಹುಡುಕುವವಳು. ಸರ್ಕಾರಿ ಆರ್ಕಿಟೆಕ್ಟ್ ಆದ ಮೇಲೆ ಆ ಗುಣಕ್ಕೆ ಸಂಬಳವೂ ಸಿಗತೊಡಗಿತು.

"ಏನದು ಬ್ಲಿ?"

"ಏನಿಲ್ಲ ಗೆಕ್, ಬಿದಿರು."

"ಬಿದಿರಿಗೆ ಇಷ್ಟೊಂದು ನಾಚಿಕೆನಾ?"

ಅವನು ನಕ್ಕ. ಹಾಳಾದ್ದು, ನಕ್ಕರೆ ಅವನ ಎಡಗೆನ್ನೆಗೆ ಮಾತ್ರ ಗುಳಿ ಬೀಳುತ್ತದೆ. ಕಚೇರಿಯಲ್ಲಿ ನಾನು ಅವನಿಗೆ ಮೇಡಂ. ಸೈಟಿಗೆ ಬಂದರೆ ಗೆಕ್, ಊರ ಹುಡುಗಿಯರನ್ನೆಲ್ಲ ಕರೆಯುವ ಹಾಗೆ. ನನಗೆ ಅವನು ಬ್ಲಿ, ವಯಸ್ಸಿನಲ್ಲಿ ದೊಡ್ಡ ಹುಡುಗರನ್ನೆಲ್ಲ ಕರೆಯುವ ಹಾಗೆ.

ನಮ್ಮ ದ್ವೀಪದ ತಬಾನನ್ ಪಟ್ಟಣದ ಬಳಿಯ ಈ ಹೆರಿಗೆ ಆಸ್ಪತ್ರೆಯ ನಕ್ಷೆ ನನ್ನದು, ಕಟ್ಟಿಸುವ ಇಂಜಿನಿಯರ್ ಅವನು. ಮುಂದಿನ ವಾರ ನನಗೆ ದ್ವೀಪದ ಉತ್ತರ ತುದಿಯ ಸಿಂಗರಾಜಕ್ಕೆ ವರ್ಗ. ಹಾಗಾಗಿ ಇವತ್ತಿನದೇ ನನ್ನ ಕೊನೆಯ ತಪಾಸಣೆ. ಎಲ್ಲ ಸರಿಯಿದ್ದರೆ ಸಹಿ ಹಾಕಿ ಹೊರಡುವುದು. ಇಲ್ಲದಿದ್ದರೆ ಅವನ ಮೇಲೆ ದೂರು ಬರೆಯಬೇಕು, ಅವನ ಕೆಲಸಕ್ಕೇ ಕುತ್ತು. ಇವನೆಂದರೆ ನನಗೆ ಪ್ರಾಣ ಎಂಬುದು ತಪಾಸಣೆಗೆ ಸಂಬಂಧಿಸಿದ ವಿಷಯವಲ್ಲ.

ಆಸ್ಪತ್ರೆಯೇನೋ ನಕ್ಷೆಯಂತೆಯೇ ಎದ್ದಿತ್ತು. ಟೇಪು ತಕರಾರು ತೆಗೆದದ್ದು ಮುಂದಿನ ಚಾವಡಿಯಲ್ಲಿ. ನಮ್ಮಲ್ಲಿ ಮನೆಯನ್ನೂ ಚಾವಡಿಯನ್ನೂ ಯಜಮಾನನ ಮೈ ಅಳತೆಗೇ ಕಟ್ಟುವುದು. ಅವನ ಮಾರು, ಗೇಣು, ಬೆರಳುಗಳನ್ನು ಬಿದಿರುಕೋಲಿನ ಮೇಲೆ ಕೊರೆದುಕೊಂಡು, ಅದರಂತೆ ಕಂಬ ನಿಲ್ಲಿಸುತ್ತಾರೆ. ಸಾರ್ವಜನಿಕ ಕಟ್ಟಡವಾದರೆ ಊರ ಮುಖಂಡರ ಅಳತೆ. ಇಲ್ಲಿಯ ಮುಖಂಡರದು ಆನೆಯಂಥ ಮೈ. ಅದಕ್ಕೆ ತಕ್ಕಷ್ಟು ಹಲಸಿನ ಮರ ನಾನೇ ಮಂಜೂರು ಮಾಡಿಸಿದ್ದೆ. ಇಲ್ಲಿ ನೋಡಿದರೆ ಕಂಬಗಳು ಕುಳ್ಳಗೆ, ಒತ್ತೊತ್ತಾಗಿ ನಿಂತಿದ್ದವು.

"ಮುಖಂಡರು ಸೊರಗಿದ್ರಾ ಬ್ಲಿ?"

"ಎಲ್ಲಿ! ನಿನ್ನೆ ನನ್ನ ಪಾಲಿನ ಹಂದಿಮಾಂಸಾನೂ ಅವರೇ ಮುಗಿಸಿದ್ರು."

"ಮತ್ತೆ ಚಾವಡಿ ಯಾಕೆ ಬಡಕಲಾಗಿದೆ? ಉಳಿದ ಮರ ಯಾರ ಮನೆ ಸೇರ್ತು?"

ಕೆನ್ನೆಯ ಗುಳಿ ಮಾಯವಾಯಿತು. "ನನ್ನನ್ನ ಕಳ್ಳ ಅಂತೀರಾ?"

"ನಾನು ಅಂತಿಲ್ಲ. ಟೇಪು ಅಂತಿದೆ."

ಅವನು ಹಿತ್ತಿಲಿಗೆ ನಡೆದು ಟಾರ್ಪಾಲು ಎತ್ತಿದ. ಉಳಿದ ಮರವೆಲ್ಲ ಅಲ್ಲೇ ಇತ್ತು. ಎಣಿಸಿದೆ. ಅವನ ಎದುರಿಗೇ ಇನ್ನೊಮ್ಮೆ ಎಣಿಸಿದೆ. ಒಂದು ತುಂಡೂ ಕಡಿಮೆ ಇರಲಿಲ್ಲ. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಹಾಗಾದ್ರೆ ಇದು ಯಾರ ಅಳತೆ?"

"ಮುಖಂಡರು ತಮ್ಮದು ಬೇಡ ಅಂದ್ರು. 'ಬಸುರಿಯರು ಕೂರೋ ಜಾಗಕ್ಕೆ ನನ್ನಂಥವನ ಅಳತೆ ಯಾಕಪ್ಪಾ, ಯಾರಾದ್ರೂ ಹೆಣ್ಣುಮಗಳದ್ದು ತಗೋ' ಅಂದ್ರು."

"ಯಾರದ್ದು ತಗೊಂಡ್ರಿ?"

ಯಾವಳದೋ ಕೈ ಹಿಡಿದು ಬೆರಳು ಬೆರಳೂ ಅಳೆದಿದ್ದಾನೆ. ಇದಕ್ಕಿಂತ ಮರ ಕದ್ದಿದ್ದರೇ ವಾಸಿಯಿತ್ತು.

ಅವನು ನನ್ನನ್ನು ಚಾವಡಿಗೆ ವಾಪಸು ಕರೆತಂದು, "ಈ ಎರಡು ಕಂಬದ ನಡುವೆ ನಿಂತು ಕೈ ಚಾಚಿ" ಅಂದ.

"ಯಾಕೆ?"

"ತಪಾಸಣೆ ಮಾಡೋಕೆ ತಾನೇ ಬಂದಿರೋದು?"

ಚಾಚಿದೆ. ಬಲಗೈ ಬೆರಳ ತುದಿ ಕಂಬಕ್ಕೆ ತಾಗಿತು. ಎಡಗೈ ತುದಿಗೂ ಕಂಬಕ್ಕೂ ನಡುವೆ ಒಂದು ಕಿರುಬೆರಳಿನಷ್ಟು ಜಾಗ ಉಳಿಯಿತು. ಕಟ್ಟಡಕ್ಕೆ ಜೀವ ಬರಲೆಂದು ಮೈ ಅಳತೆಯ ಮೇಲೆ ನಾವು ಕೂಡಿಸುವುದು ಸರಿಯಾಗಿ ಅಷ್ಟನ್ನೇ.

ಕೈ ಇಳಿಸುವುದೇ ಮರೆತುಹೋಯಿತು.

"ಯಾವಾಗ ಅಳೆದ್ರಿ?"

"ನಕ್ಷೆ ಗಾಳಿಗೆ ಹಾರ್ತಿದೆ, ಎರಡೂ ಕೈ ಚಾಚಿ ಗೋಡೆಗೆ ಒತ್ತಿ ಹಿಡ್ಕೊಳ್ಳಿ ಅಂದೆನಲ್ಲ, ಅವತ್ತು."

"ಅವತ್ತು ಗಾಳಿನೇ ಇರ್ಲಿಲ್ಲ!"

"ಇರ್ಲಿಲ್ಲ. ಅದೊಂದು ದಿನ ನಿಮಗೆ ಅನುಮಾನ ಬರ್ಲಿಲ್ಲ, ನನ್ನ ಪುಣ್ಯ."

ನಗು ಬಂತು, ಜೊತೆಗೇ ಕಣ್ಣೂ ತುಂಬಿ ಬಂತು. "ಯಾಕೆ ಬ್ಲಿ?"

ಅವನು ಕಂಬವನ್ನು ಸವರುತ್ತ ನಿಂತ. "ಉದ್ಘಾಟನೆ ಕಲ್ಲಲ್ಲಿ ಸಾಹೇಬರ ಹೆಸರು ಬರತ್ತೆ. ನಕ್ಷೆ ಬರೆದವಳ ಹೆಸರು ಎಲ್ಲೂ ಬರಲ್ಲ. ನೀವು ಸಿಂಗರಾಜಕ್ಕೆ ಹೋಗ್ತೀರ, ನಾನು ಇಲ್ಲೇ ಉಳೀತೀನಿ. ಆಗಾಗ ಬಂದು ಇಲ್ಲಿ ಕೂರೋಣ ಅಂತ." ಆಮೇಲೆ ದನಿ ತಗ್ಗಿತು. "ನಂಗೆ ನೀನಂದ್ರೆ ಇಷ್ಟ, ವಾರ್ಸಿಕಿ. ಬಾಯಲ್ಲಿ ಹೇಳಿದ್ರೆ ನೀನೆಲ್ಲಿ ನಂಬ್ತೀಯ?"

ನಿಜವೇ. ನಂಬುತ್ತಿರಲಿಲ್ಲ.

"ನನ್ನ ಕೇಳದೆ ಅಳತೆ ಬದಲಾಯಿಸಿದ್ದು ತಪ್ಪು."

"ತಪ್ಪೇ."

ಕೆಂಪು ಪೆನ್ನು ತೆಗೆದು ನಕ್ಷೆಯಲ್ಲಿ ಚಾವಡಿಯ ಅಳತೆ ತಿದ್ದಿ ಸಹಿ ಹಾಕಿದೆ. ಉಳಿದ ಮರ ಉಗ್ರಾಣಕ್ಕೆ ವಾಪಸು ಎಂದೂ ಬರೆದೆ. ಆಮೇಲೆ ಕೈ ಚಾಚಿದೆ.

"ಕೊಡಿ, ಆ ನಾಚಿಕೆಯ ಬಿದಿರು."

ಕೋಲಿನ ಒಂದು ಮಗ್ಗುಲಲ್ಲಿ ನನ್ನ ಮಾರು, ನನ್ನ ಗೇಣು, ನನ್ನ ಬೆರಳುಗಳನ್ನು ಚಾಕುವಿನಿಂದ ಕೊರೆದಿದ್ದ. ತಿರುಗಿಸಿದೆ. ಇನ್ನೊಂದು ಮಗ್ಗುಲು ಖಾಲಿಯಿತ್ತು.

"ಚಾಕು ಎಲ್ಲಿ?"

"ಯಾಕೆ?" ಈಗ ಅನುಮಾನದ ಸರದಿ ಅವನದು.

"ಮನೆ ಕಟ್ಟೋಕೆ ಒಬ್ಬಳದೇ ಅಳತೆ ಸಾಕಾಗತ್ತಾ? ಕೈ ಇಡಿ ಇದರ ಮೇಲೆ."

ಅವನು ಗೇಣು ಚಾಚಿದ.

"ಅಲ್ಲಾಡಿಸಬೇಡಿ, ಮನೆ ಸೊಟ್ಟಗಾಗತ್ತೆ" ಎಂದು ಗದರಿ, ಗುರುತು ಕೊರೆದೆ. ಅದು ಸರಿಯಾಗಿಯೇ ಬಂದಿತ್ತು. ಆದರೂ ಅನುಮಾನ ಅಂತ ಹೇಳಿ, ಅವನ ಕೈಯನ್ನು ಇನ್ನೊಮ್ಮೆ ಹಿಡಿದು ಅಳೆದೆ.