ಈ ಕಿವಿ ಯಾರದು?

ಆ ಹೆಂಗಸು ಒಂದೇ ಒಂದು ಮಾತೂ ಆಡಲಿಲ್ಲ. ಆಮೇಲೆ ನೆನಪಿಸಿಕೊಂಡಾಗಲೆಲ್ಲ ಬೆರ್ಮೆತ್‌ಳನ್ನು ಹೆಚ್ಚು ಕಾಡಿದ್ದು ಅದೇ.

ಭಾನುವಾರ ಮಧ್ಯಾಹ್ನ. ಬಿಷ್ಕೆಕ್‌ನ ಅಂಚಿನಲ್ಲಿ ಗಾಯಕ ಬೈಸಲ್‌ನ ಹೊಸ ಮನೆ. ಒಳಗೆ ಹೊಸಮನೆಯ ಔತಣ, ಅಂಗಳದಲ್ಲಿ ಹಿಟ್ಟಿನ ತಿಂಡಿ ಬೋರ್ಸೋಕ್ ಕರಿಯುವ ಎಣ್ಣೆಯ ವಾಸನೆ, ಹಿತ್ತಿಲಲ್ಲಿ ಅಕಾರ್ಡಿಯನ್. ಹೊಲಿಗೆ ಅಂಗಡಿಯಿಂದ ಬಂದ ಬೆರ್ಮೆತ್ ಗೇಟಿನಲ್ಲಿ ನಿಂತಿದ್ದಳು. ಬೈಸಲ್ ವೇದಿಕೆಯ ಮೇಲೆ ತೊಡುವ ನೀಲಿ ಮಖಮಲ್ಲಿನ ಉದ್ದ ಕೋಟು ಅವಳ ಎರಡೂ ಕೈ ತುಂಬಿತ್ತು. ಮಡಿಕೆ ಬೀಳಬಾರದು, ನೆಲಕ್ಕೆ ತಾಗಬಾರದು. ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ಹಿಡಿದಿದ್ದಳು.

ಕೈಯೆಲ್ಲ ಹಿಟ್ಟಾಗಿದ್ದ ಹೆಂಗಸೊಬ್ಬಳು ಒಳಗಿನಿಂದ ಬಂದಳು. ಕೋಟನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ಮತ್ತೆ ಕೋಟನ್ನು ನೋಡಿದಳು... ಕಣ್ಣು ತುಂಬಿ ಬಂತು. ಕೈ ಒರೆಸಿಕೊಂಡು ಜೇಬಿನಿಂದ ಗಂಟು ಕಟ್ಟಿದ ಕರವಸ್ತ್ರ ತೆಗೆದಳು. ಗಂಟಿನೊಳಗೆ ಒಂದು ಜೊತೆ ಬೆಳ್ಳಿಯ ಓಲೆ, ತುದಿಯಲ್ಲಿ ಹವಳ.

"ಅಮ್ಮಾ, ನಾನು..."

ಅಷ್ಟರಲ್ಲಿ ಪಕ್ಕದ ತಟ್ಟೆಯಿಂದ ಬೆಣ್ಣೆ ಸವರಿದ ರೊಟ್ಟಿಯ ತುಂಡೊಂದು ಅವಳ ಬಾಯೊಳಗೆ ಬಂತು. ಕೈ ತುಂಬ ಮಖಮಲ್ಲು, ಬಾಯಿ ತುಂಬ ರೊಟ್ಟಿ. ತಲೆಯ ಮೇಲೆ ಬಿಳಿ ವಸ್ತ್ರ ಬಿತ್ತು. ಎಡಗಿವಿ, ಬಲಗಿವಿ... ಮುಗಿಯಿತು.

ಹುಡುಗನ ತಾಯಿ ಹುಡುಗಿಯ ತಲೆಗೆ ಬಿಳಿ ವಸ್ತ್ರ ಹೊದಿಸಿ ಕಿವಿಗೆ ಓಲೆ ಇಟ್ಟಳೆಂದರೆ ಆ ಹುಡುಗಿ ಆ ಮನೆಗೆ ಗೊತ್ತಾದಳು ಎಂದೇ ಅರ್ಥ. ಕಿರ್ಗಿಜ್ ನಾಡಿನಲ್ಲಿ ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೆರ್ಮೆತ್‌ಗೆ ತಿಳಿಯದೇ ಇದ್ದದ್ದು ಬೇರೆ. ಬೈಸಲ್ ತನ್ನ ತಾಯಿಯ ಮುಖವನ್ನು ಇದುವರೆಗೆ ಯಾವ ಚಿತ್ರದಲ್ಲೂ ತೋರಿಸಿರಲಿಲ್ಲ. ಇವಳೇ ಆ ತಾಯಿ ಇರಬೇಕು. ಆದರೆ ನನ್ನನ್ನು ಯಾರೆಂದುಕೊಂಡಳು?

ಎಲ್ಲೋ ಒಂದು ಫೋನು ಕ್ಲಿಕ್ ಎಂದಿತು. ಬೆರ್ಮೆತ್ ಕೋಟನ್ನು ಎದುರಿಗೆ ಸಿಕ್ಕವರ ಕೈಗಿತ್ತು ಓಡಿದಳು.

ಮರುದಿನ ಮಧ್ಯಾಹ್ನ ಹೊಲಿಗೆ ಅಂಗಡಿಯಲ್ಲಿ ಮೂರು ಯಂತ್ರಗಳೂ ನಿಂತಿದ್ದವು. ನಾಲಿಗೆಗಳು ಓಡುತ್ತಿದ್ದವು.

"'ಬೈಸಲ್ ಮದುವೆ ಗೊತ್ತಾಯ್ತು, ಈ ಕಿವಿ ಯಾರದು?' ಅಂತ ಹಾಕಿದಾರೆ," ಎಂದಳು ಝಿಬೆಕ್, ಫೋನನ್ನು ಮೂಗಿಗೆ ಹಿಡಿದು. "ಆಗಲೇ ನಾಲ್ಕು ಸಾವಿರ ಕಾಮೆಂಟು."

ಝಿಬೆಕ್ ಇಪ್ಪತ್ತಮೂರರ ಹುಡುಗಿ. ದೇಶದ ಮಂತ್ರಿಗಳು ಯಾರೆಂದು ಕೇಳಿದರೆ ಯೋಚಿಸುತ್ತಾಳೆ. ಯಾವ ನಟ ಯಾವ ಗಾಯಕಿಯ ಚಿತ್ರಕ್ಕೆ ಹೃದಯ ಒತ್ತಿದ ಎಂದು ಕೇಳಿದರೆ ಗಂಟೆ, ನಿಮಿಷ ಸಮೇತ ಹೇಳುತ್ತಾಳೆ.

"ಕಿವಿಗೆ ನಾಲ್ಕು ಸಾವಿರನಾ?" ಎಂದಳು ಸೈಕಾಲ್. ಅಂಗಡಿ ಅವಳದು. ನಲವತ್ತು ದಾಟಿದವಳು. ಇದೆಲ್ಲ ಕೆಲಸವಿಲ್ಲದವರ ಮಾತು ಎನ್ನುತ್ತಲೇ ಒಂದಕ್ಷರ ಬಿಡದೆ ಕೇಳುವ ಜಾತಿ.

"ಮುಖ ಬಿದ್ದಿಲ್ಲ ಅಕ್ಕ. ಬಿಳಿ ವಸ್ತ್ರ, ಕಿವಿ, ಓಲೆ, ಅರ್ಧ ಕೆನ್ನೆ. ಕೆನ್ನೆ ಉಬ್ಬಿದೆ, ಬಾಯಲ್ಲಿ ಏನೋ ಇದೆ."

"ಪಾಪ, ಹಸಿದಿತ್ತೇನೋ ಕೂಸು."

"ಟೀವಿಲಿ ಹವಾಮಾನ ಓದ್ತಾಳಲ್ಲ, ಅವಳೇ ಅಂತೆ."

"ಹೋಗೇ. ಅವಳದು ಗುಬ್ಬಿ ಕಿವಿ. ಇಲ್ನೋಡು, ಇದು ಕಿವಿನಾ, ಟೀ ಪಾತ್ರೆ ಹಿಡಿನಾ?"

ಬೆರ್ಮೆತ್ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

"ಕುಸ್ತಿ ಚಾಂಪಿಯನ್ ತಂಗಿ ಅಂತ ಇನ್ನು ಕೆಲವರು."

"ಅಣ್ಣನದ್ದೇ ಇರಬೇಕು. ಕುಸ್ತಿ ಆಡಿದವರ ಕಿವಿ ಹೀಗೇ ಆಗೋದು."

"ಹೋದ ವರ್ಷ ಕಾರಲ್ಲಿ ಅವನ ಜೊತೆ ಸಿಕ್ಕಿಬಿದ್ದಳಲ್ಲ ಒಬ್ಬಳು..."

"ಅವಳು ಅವನ ಹಲ್ಲಿನ ಡಾಕ್ಟರು ಅಂತ ಆಮೇಲೆ ಹೇಳಿದ್ನಲ್ಲೇ."

"ಕಾರಲ್ಲಿ ಹಲ್ಲು ನೋಡ್ತಾರಾ ಅಕ್ಕ?"

"ನೋವು ಹೇಳಿ ಕೇಳಿ ಬರುತ್ತಾ?" ಸೈಕಾಲ್ ಚಹಾ ಬಟ್ಟಲು ಕೆಳಗಿಟ್ಟಳು. "ಬೆರ್ಮೆತ್, ಕೂದಲು ಕಟ್ಟೇ. ಯಂತ್ರಕ್ಕೆ ಸಿಕ್ಕಿದ್ರೆ ಬೈಸಲ್ ಮದುವೆಗೆ ಬೋಳು ತಲೇಲಿ ಹೋಗಬೇಕಾಗುತ್ತೆ."

"ತಲೆನೋವು ಅಕ್ಕ. ಕಟ್ಟಿದ್ರೆ ಎಳೆಯುತ್ತೆ."

ತಲೆನೋವು ಸುಳ್ಳಾಗಿರಲಿಲ್ಲ. ಓಲೆಗಳು ಅವಳ ಜೇಬಿನ ಪುಟ್ಟ ಗುಂಡಿ ಡಬ್ಬಿಯ ತಳದಲ್ಲಿದ್ದವು. ರಾತ್ರಿಯೆಲ್ಲ ಒಂದೇ ಯೋಚನೆ. ನಾನು ಯಾರದ್ದೋ ಓಲೆ ಕದ್ದ ಹಾಗಾಯ್ತಲ್ಲ. ಆ ತಾಯಿ ಯಾರನ್ನು ಕಾಯುತ್ತಿದ್ದಳೋ, ಅವಳು ಆಮೇಲೆ ಬಂದಳೋ, ಬಂದು ಬರಿ ಕೈಲಿ ಹೋದಳೋ...

ನಾಲ್ಕು ಸಾವಿರ ಜನ ಅವಳ ಕಿವಿಯನ್ನು ಆಡಿಕೊಂಡರೂ ಅವಳಿಗೆ ಅಷ್ಟಾಗಿ ಬೇಸರವಿರಲಿಲ್ಲ. ಒಬ್ಬ ಮಾತ್ರ ಅದನ್ನು ಗುರುತಿಸದಿರಲಿ ಎಂದು ಬೇಡಿಕೊಂಡಿದ್ದಳು.

ಆ ಒಬ್ಬನ ಹೆಸರು ತಿಲೆಕ್. ಬೈಸಲ್‌ನ ತಂಡದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ. ಚಳಿಗಾಲದಿಂದ ಈಚೆಗೆ ಒಂಬತ್ತು ಸಲ ಅಂಗಡಿಗೆ ಬಂದಿದ್ದ. ಒಂಬತ್ತು ಸಲವೂ ಅಂಗಿಯ ಒಂದು ಗುಂಡಿ ಹೋಗಿರುತ್ತಿತ್ತು. ಬೆರ್ಮೆತ್ ಹೊಲಿಯುವಷ್ಟು ಹೊತ್ತು ಎದುರಿಗೆ ಕುಳಿತು ಕಿಟಕಿ ನೋಡುತ್ತಿದ್ದ. "ಚೆನ್ನಾಗಿ ಹೊಲಿದಿದ್ದೀರಿ" ಎಂದು ಹೇಳಿ ಹೋಗುತ್ತಿದ್ದ. ಅದಕ್ಕಿಂತ ಉದ್ದದ ಮಾತು ಅವನಿಂದ ಹೊರಟಿದ್ದಿಲ್ಲ.

ಬಾಗಿಲು ಸರಿಯಿತು. ಹತ್ತನೆಯ ಸಲ.

ಇವತ್ತು ಅಂಗಿಗೆ ಇಸ್ತ್ರಿ ಬಿದ್ದಿತ್ತು. ಗುಂಡಿಗಳೆಲ್ಲ ಇದ್ದವು. ಅವನ ಮುಖದ ಬಣ್ಣ ಮಾತ್ರ ನೆಟ್ಟಗಿರಲಿಲ್ಲ.

"ಬೆರ್ಮೆತ್ ಅವರ ಹತ್ತಿರ ಒಂದು ಮಾತಿತ್ತು," ಎಂದ, ಇಸ್ತ್ರಿಪೆಟ್ಟಿಗೆಯನ್ನು ನೋಡಿಕೊಂಡು.

ಇಬ್ಬರೂ ಮೆಟ್ಟಿಲ ಬಳಿ ಹೋಗಿ ನಿಂತರು. ಒಳಗೆ ಯಂತ್ರಗಳು ಸದ್ದು ಮಾಡಲಿಲ್ಲ. ಅಷ್ಟರ ಮಟ್ಟಿಗೆ ಕಿವಿಗಳು ಕೆಲಸದಲ್ಲಿದ್ದವು.

"ಅಮ್ಮ ನಾರಿನ್‌ನಿಂದ ಬಂದಿದಾರೆ. ಎರಡು ಗಂಟೆಗೆ ವಾಪಸ್ ಹೊರಟಿದಾರೆ. ಅದಕ್ಕೆ ಮುಂಚೆ ನಿಮ್ಮನ್ನ ಕೇಳೋಣ ಅಂತ... ನಿನ್ನೆ ಆ ಮನೆ ಬಾಗಿಲಲ್ಲಿ ಆಗಿದ್ದು..."

ಗೊತ್ತಾಗಿಹೋಗಿದೆ! ಅವಳ ಮುಖಕ್ಕೆ ರಕ್ತ ನುಗ್ಗಿತು. ತಿಲೆಕ್ ಇನ್ನೇನೋ ಕೇಳುವ ಮೊದಲೇ ಜೇಬಿನಿಂದ ಡಬ್ಬಿ ತೆಗೆದು ಅವನ ಕೈಗಿಟ್ಟಳು.

"ಓಲೆ ಇದರಲ್ಲಿದೆ. ಇಟ್ಟವರಿಗೇ ವಾಪಸ್ ಕೊಟ್ಟುಬಿಡಿ. ನಾನು ಆ ಮನೆಗೆ ಸೊಸೆ ಆಗೋಳಲ್ಲ. ಕ್ಷಮಿಸಬೇಕು ಅಂತ ಹೇಳಿ."

ಅವನು ಡಬ್ಬಿ ತೆರೆಯಲಿಲ್ಲ.

"ಸ್ವಲ್ಪ ಯೋಚನೆ ಮಾಡಿ ಹೇಳಬಹುದಿತ್ತು."

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ?"

"ಹೌದು," ಎಂದ ತಿಲೆಕ್. "ಏನಿದೆ..."

ಮೆಟ್ಟಿಲಿಳಿದು ಹೋದ. ಕೊನೆಯ ಮೆಟ್ಟಿಲು ಮುಗಿದ ಮೇಲೂ ಇನ್ನೊಂದು ಇದೆ ಎಂಬಂತೆ ಕಾಲಿಟ್ಟು ಮುಗ್ಗರಿಸಿದ.

ಬೆರ್ಮೆತ್ ನಿಂತೇ ಇದ್ದಳು. ಯಾರದ್ದೋ ಓಲೆ ಅವರಿಗೇ ವಾಪಸ್ ಸೇರುತ್ತೆ, ಅದಕ್ಕೆ ಅವನ ಮುಖ ಯಾಕೆ ಹಾಗಾಯಿತು? ಬೈಸಲ್ ಬೈದಿದ್ದಾನಾ? ನಾನು ಒರಟಾಗಿ ಹೇಳಿದೆನಾ? ಒಂದಕ್ಕೊಂದು ಕೂಡುತ್ತಲೇ ಇಲ್ಲ...

ಒಳಗೆ ಝಿಬೆಕ್ ಕೂಗಿದಳು.

"ಬೈಸಲ್ ಲೈವ್ ಬಂದಿದಾನೆ! ಬನ್ನಿ, ಬನ್ನಿ."

ಮೂವರೂ ಫೋನಿನ ಮೇಲೆ ಬಾಗಿದರು. ಬೈಸಲ್ ನಿದ್ದೆಗೆಟ್ಟ ಮುಖದಲ್ಲಿ ಕೈಮುಗಿದು ಮಾತಾಡುತ್ತಿದ್ದ.

"ಸ್ವಾಮಿ, ಆ ಕಿವಿ ನಂಗೆ ಗೊತ್ತಿಲ್ಲ. ಆ ಹೆಂಗಸು ನಮ್ಮಮ್ಮ ಅಲ್ಲ. ನಮ್ಮಮ್ಮ ಸೊಂಟನೋವಿಗೆ ಅಂತ ಇಸಿಕ್-ಕುಲ್ ಸರೋವರದ ಹತ್ತಿರ ಆಸ್ಪತ್ರೆಲಿ ಇದಾರೆ, ಹತ್ತು ದಿನ ಆಯ್ತು. ಚಿತ್ರದಲ್ಲಿರೋದು ನಮ್ಮ ಅಕಾರ್ಡಿಯನ್ ಹುಡುಗನ ತಾಯಿ. ಪಾಪ, ಬೋರ್ಸೋಕ್ ಕರಿಯೋಕೆ ಸಹಾಯಕ್ಕೆ ಬಂದಿದ್ರು. ದಯವಿಟ್ಟು ನನ್ನ ಮದುವೆ ಮಾಡೋದು ನಿಲ್ಲಿಸಿ."

"ಛೆ," ಎಂದಳು ಝಿಬೆಕ್. "ಅಕಾರ್ಡಿಯನ್ ಹುಡುಗನ ಮದುವೆ ಯಾರಿಗೆ ಬೇಕು."

ಸೈಕಾಲ್ ಕನ್ನಡಕದ ಮೇಲಿಂದ ಬೆರ್ಮೆತ್‌ಳನ್ನೇ ನೋಡುತ್ತಿದ್ದಳು.

"ನಿನ್ನೆ ನೀಲಿ ಕೋಟು ತಗೊಂಡು ಹೋದವಳು ಯಾರು?"

"ನಾ... ನಾನು."

"ಕೂದಲು ಎತ್ತು."

ಬೆರ್ಮೆತ್ ಎತ್ತಿದಳು. ಬಹಳ ದಿನ ಓಲೆ ಕಾಣದ ಕಿವಿ ಕೆಂಪಗೆ ಊದಿತ್ತು. ಝಿಬೆಕ್ ಫೋನನ್ನು ಅದರ ಪಕ್ಕಕ್ಕೆ ಹಿಡಿದು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದಳು.

"ಟೀ ಪಾತ್ರೆ ಹಿಡಿ ಅಂದಿದ್ದು ನಾನಲ್ಲ ಕಣೇ," ಎಂದಳು ಕೊನೆಗೆ.

"ಅಂದ್ರೆ ಅವರು..." ಬೆರ್ಮೆತ್ ಕೂದಲನ್ನು ಕೆಳಗೆ ಬಿಟ್ಟಳು. "ಅಂದ್ರೆ ತಪ್ಪಾಗಿ ಅಲ್ಲ... ನಂಗೇ ಇಟ್ಟಿದ್ದಾ?"

"ಹದಿನೈದು ವರ್ಷದಿಂದ ಹೊಲೀತಿದೀನಿ," ಎಂದಳು ಸೈಕಾಲ್. "ಹರಿದ ದಾರ ಯಾವುದು, ಕತ್ತರಿಸಿದ ದಾರ ಯಾವುದು ಅಂತ ಗೊತ್ತಾಗಲ್ವಾ ನಂಗೆ? ಒಂಬತ್ತು ಗುಂಡೀನೂ ಬ್ಲೇಡಲ್ಲಿ ಕುಯ್ದಿದ್ದು. ನಿಂಗೆ ಗೊತ್ತಾಗಿರಲಿಲ್ವಾ?"

ಗೊತ್ತಾಗಿತ್ತು. ಮೂರನೆಯ ಗುಂಡಿಗೇ ಗೊತ್ತಾಗಿತ್ತು. ನಂಬಲು ಧೈರ್ಯವಿರಲಿಲ್ಲ ಅಷ್ಟೆ.

"ಅಕ್ಕ... ಓಲೆ ವಾಪಸ್ ಕೊಟ್ಟುಬಿಟ್ಟೆ."

ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಇಟ್ಟ ಓಲೆಯನ್ನು ಹಿಂದಕ್ಕೆ ಕೊಟ್ಟರೆ ಅದು ಬೇಡವೆಂಬ ಮಾತು. ಒಮ್ಮೆ ಹಾಗೆಂದ ಬಾಗಿಲಿಗೆ ಯಾವ ತಾಯಿಯೂ ಮತ್ತೆ ಓಲೆ ಹಿಡಿದು ಬರುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು.

"ಓಡೇ," ಎಂದಳು ಸೈಕಾಲ್.

ನಾರಿನ್ ಟ್ಯಾಕ್ಸಿಗಳು ಗಂಟೆ ನೋಡಿ ಹೊರಡುವುದಿಲ್ಲ, ನಾಲ್ಕು ಜನ ತುಂಬಿದರೆ ಹೊರಡುತ್ತವೆ. ಪ್ರೇಮಿಗಳ ಪಾಲಿಗೆ ಇದಕ್ಕಿಂತ ದಯಾಮಯ ವೇಳಾಪಟ್ಟಿ ಇನ್ನೊಂದಿಲ್ಲ. ಬೆರ್ಮೆತ್ ನಿಲ್ದಾಣ ಸೇರಿದಾಗ ಎರಡು ದಾಟಿ ಹತ್ತು ನಿಮಿಷ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ನಾರಿನ್‌ಗಾ ತಂಗೀ? ಒಂದೇ ಸೀಟು. ನೀನು ಕೂತ್ರೆ ಗಾಡಿ ಬಿಡೋದೇ," ಎಂದ ಚಾಲಕ.

ಮುಂದಿನ ಸೀಟಿನಲ್ಲಿ ಅದೇ ಹೆಂಗಸು. ಮಡಿಲಲ್ಲಿ ಗುಂಡಿ ಡಬ್ಬಿ. ಕಾರಿನ ಪಕ್ಕ ತಿಲೆಕ್.

"ನಾನು ಕೂರಲ್ಲ," ಎಂದಳು ಬೆರ್ಮೆತ್ ಏದುಸಿರಿನಲ್ಲಿ. "ಅವರೂ ಈಗ ಹೋಗಬಾರದು. ತಿಲೆಕ್... ನಾನು ಅವರನ್ನ ಬೈಸಲ್ ತಾಯಿ ಅಂದ್ಕೊಂಡೆ. ಬೇರೆ ಯಾರಿಗೋ ಇಡಬೇಕಿದ್ದ ಓಲೆ ನಂಗೆ ಇಟ್ಟುಬಿಟ್ರು ಅಂತ..."

"ಬೈಸಲ್‌ನ ತಾಯಿ?" ಅವನು ಅರ್ಥವಾಗದೆ ನೋಡಿದ. "ಆ ಮನೆಗೆ ಸೊಸೆ ಆಗಲ್ಲ ಅಂದಿದ್ದು..."

"ಬೈಸಲ್ ಮನೆಗೆ."

"ನಮ್ಮ ಮನೆಗೆ ಅಲ್ಲ."

"ನಿಮ್ಮ ಮನೆ ಅಂತ ಯಾರು ಹೇಳಿದ್ರು? ನಿಮ್ಮ ತಾಯಿ ಒಂದು ಮಾತು ಹೇಳಬಾರದಿತ್ತಾ?"

ತಿಲೆಕ್ ಹಣೆ ಒರೆಸಿಕೊಂಡ. "ನಂದೇ ತಪ್ಪು. ನೀಲಿ ಕೋಟು ತರೋ ಹುಡುಗಿನ ಸುಮ್ನೆ ನೋಡಮ್ಮ, ಅವಳ ಹತ್ತಿರ ನಾನಿನ್ನೂ ಏನೂ ಹೇಳಿಲ್ಲ, ನೀನು ಒಂದು ಮಾತೂ ಆಡಬೇಡ ಅಂದಿದ್ದೆ."

ಕಾರಿನ ಕಿಟಕಿ ಕೆಳಗಿಳಿಯಿತು.

"ನಾನು ಆಡಿದ್ನಾ?" ಎಂದಳು ತಾಯಿ.

ಹಿಂದಿನ ಸೀಟಿನ ಇಬ್ಬರೂ ಈಗ ತಲೆ ಹೊರಗೆ ಹಾಕಿದ್ದರು. ನಾರಿನ್ ಎಲ್ಲಿಗೂ ಓಡಿಹೋಗುವುದಿಲ್ಲವೆಂದು ಅವರು ತೀರ್ಮಾನಿಸಿದಂತಿತ್ತು.

ಬೆರ್ಮೆತ್ ಕಿಟಕಿಯ ಬಳಿ ಬಾಗಿದಳು. ಅಳತೆಯ ಟೇಪನ್ನೇ ಸುತ್ತಿ ಕೂದಲನ್ನು ಮೇಲಕ್ಕೆ ಕಟ್ಟಿದಳು.

"ನಿನ್ನೆ ನನ್ನ ಎರಡೂ ಕೈ ತುಂಬಿತ್ತು, ಅಮ್ಮ. ಇವತ್ತು ಖಾಲಿ ಇದೆ. ಬೇಡ ಅನ್ನೋದಾದ್ರೆ ತಡೆಯಬಹುದು." ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ತಡೆಯಲ್ಲ."

ಡಬ್ಬಿ ತೆರೆದುಕೊಂಡಿತು. ಆ ತಾಯಿ ಗುಂಡಿಗಳ ನಡುವಿನಿಂದ ಓಲೆಗಳನ್ನು ಆರಿಸಿ ಒಂದೊಂದಾಗಿ ಅವಳ ಕಿವಿಗಿಟ್ಟಳು. ಊದಿದ ಕಿವಿ ಉರಿಯಿತು. ಬೆರ್ಮೆತ್ ಬೆನ್ನ ಹಿಂದಿನ ಕೈ ಬಿಚ್ಚಲಿಲ್ಲ.

ಚಾಲಕ ತನ್ನ ಫೋನು ತೆಗೆದ. ಅದನ್ನು ನೋಡಿದ, ಕಿವಿಯನ್ನು ನೋಡಿದ.

"ಅರೆ. ಇವಳು ಬೈಸಲ್ ಹುಡುಗಿ ಅಲ್ವಾ?"

"ಅಲ್ಲ," ಎಂದ ತಿಲೆಕ್. "ಇವಳು ನನ್ನ..."

ಒಂಬತ್ತು ಗುಂಡಿಗಳ ಕಾಲ ನುಂಗಿಕೊಂಡ ಮಾತು ಅಲ್ಲೇ ಸಿಕ್ಕಿಕೊಂಡಿತು. ಬೆರ್ಮೆತ್ ತಲೆ ಎತ್ತಿ ಅವನನ್ನು ನೋಡಿದಳು. ಈ ಸಲ ಅವನು ಕಿಟಕಿಯತ್ತ ಕಣ್ಣು ತಿರುಗಿಸಲಿಲ್ಲ.

"ಹೇಳು," ಎಂದಳು ಮೆಲ್ಲಗೆ. ಮೊದಲ ಸಲ ನೀವು ಎಂಬುದನ್ನು ಬಿಟ್ಟು. "ಗಾಡಿ ಕಾಯ್ತಿದೆ."

"ನನ್ನ ಹುಡುಗಿ," ಎಂದ. ಮತ್ತೆ ಇನ್ನಷ್ಟು ಮೆಲ್ಲಗೆ ಕೇಳಿದ, "ಅಲ್ವಾ?"

"ಹೌದು. ಇನ್ನು ಮೇಲೆ ಗುಂಡಿ ಕುಯ್ಯಬೇಡ."